ಹೆಗಲಿಗೆ ಬೀಳುವ ಒದೆ

ಕೈಲ್ ಮುಹೂರ್ತದ ದಿನಗಳಲ್ಲಿ ಕೊಡಗಿನಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನನಗೆ ಬಲು ಇಷ್ಟ. ಹೆಂಗಸರು, ಅಜ್ಜಂದಿರು, ಕಾಲೇಜು ಹುಡುಗರು ಒಂದೇ ಸಾಲಿನಲ್ಲಿ ನಿಂತು ಕೋವಿ ಎತ್ತುವ ದೃಶ್ಯ ಬೇರೆಲ್ಲಿ ಸಿಗುತ್ತದೆ? ನನ್ನ ತಕರಾರು ಇರುವುದು ಒಂದೇ ಕೋವಿ ಹೆಗಲಿಂದ ಹೆಗಲಿಗೆ ದಾಟುವ ರೂಢಿಯ ಬಗ್ಗೆ. ಒದೆ ತಿಂದು ತತ್ತರಿಸಿದವರಿಗೆ ‘ಗಟ್ಟಿಯಾಗಿ ನಿಲ್ಲು’ ಎನ್ನುತ್ತೇವೆ. ಕೋವಿಯನ್ನು ಯಾರೂ ಪ್ರಶ್ನಿಸುವುದಿಲ್ಲ.

12 ಬೋರಿನ ತೋಟಾ ಸುಮಾರು 30 ಗ್ರಾಂ ಚರೆಯನ್ನು ಸೆಕೆಂಡಿಗೆ 400 ಮೀಟರ್ ಆಸುಪಾಸಿನ ವೇಗದಲ್ಲಿ ದೂಡುತ್ತದೆ. ಹಳೆಯ .303 ರೈಫಲ್ಲಿನ ಗುಂಡಿಗೆ ಹೆಚ್ಚುಕಮ್ಮಿ ಅದರ ಎರಡರಷ್ಟು ವೇಗ, ಆದರೆ ತೂಕ ಬರೀ 11 ಗ್ರಾಂ. ರೈಫಲ್ಲೋ 4 ಕಿಲೋ. ಹಾಗಾಗಿ ಮಹಾಯುದ್ಧ ಕಂಡ ರೈಫಲ್ಲಿಗಿಂತ 3 ಕಿಲೋದ ಮನೆಕೋವಿಯೇ ಜೋರಾಗಿ ಒದೆಯುತ್ತದೆ. ಅದೇ ತೋಟಾ ಹಾಕಿ ಕೋವಿಯನ್ನು ಅರ್ಧ ಕಿಲೋ ಹಗುರ ಮಾಡಿದರೆ ಒದೆಯ ಶಕ್ತಿ ಐದರಲ್ಲೊಂದು ಪಾಲು ಏರುತ್ತದೆ. ಹೊಸಬರಿಗೆಂದು ಹಗುರ ಕೋವಿ ಹುಡುಕುವವರು ಇದನ್ನು ಮರೆಯುತ್ತಾರೆ.

ಆದರೆ ನೋವು ಈ ಲೆಕ್ಕಕ್ಕೆ ಮಾತ್ರ ಬಗ್ಗುವುದಿಲ್ಲ. ನನ್ನ ಮೊದಲ ಗುಂಡಿನ ದಿನ ಕೋವಿಯ ಬಟ್ ನನ್ನ ಅಳತೆಗೆ ಉದ್ದವಾಗಿತ್ತು. ಹೆಗಲಿನ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಅದರ ಅಂಚಷ್ಟೇ ಒರಗಿತ್ತು. ವಾರವಿಡೀ ತೋಳು ಕಪ್ಪಗಿತ್ತು. ಮರುವರ್ಷ ಗಿಡ್ಡ ಬಟ್ಟಿನ, ರಬ್ಬರ್ ಪ್ಯಾಡ್ ಇದ್ದ ಕೋವಿ ಸಿಕ್ಕಿತು. ತೋಟಾ ಅದೇ, ನೋವೇ ಇಲ್ಲ. ಪ್ಯಾಡ್ ಪೆಟ್ಟನ್ನು ಅಗಲವಾಗಿ ಹರಡುತ್ತದೆ, ಕ್ಷಣದ ಒಂದು ತುಣುಕಿನಷ್ಟು ನಿಧಾನಿಸುತ್ತದೆ, ಅಷ್ಟು ಸಾಕು. ಬಟ್ಟಿಗೂ ಹೆಗಲಿಗೂ ನಡುವೆ ಬೆರಳು ತೂರುವಷ್ಟು ಸಂದಿದ್ದರೂ ನೂಕುವ ಕೋವಿ ಗುದ್ದುತ್ತದೆ. ನಳಿಗೆಯ ಗೆರೆಗಿಂತ ಬಟ್ ತೀರಾ ಕೆಳಗಿದ್ದರೆ ಮೂತಿ ಮೇಲೆದ್ದು ಕೆನ್ನೆಗೂ ಬೀಳುತ್ತದೆ.

ಸದ್ದನ್ನೂ ನಾವು ಒದೆಯೆಂದೇ ಎಣಿಸುತ್ತೇವೆ. ಕಿವಿ ಮುಚ್ಚಿದ ಹೊಸಬರು ಎಷ್ಟೋ ನಿರಾಳವಾಗಿ ಹೊಡೆಯುತ್ತಾರೆ. ಅಂಜಿದವರ ಕಣ್ಣು ಕುದುರೆ ಎಳೆಯುವ ಮುನ್ನವೇ ಮುಚ್ಚುತ್ತದೆ, ಮೂತಿ ಬಾಗುತ್ತದೆ, ಗುಂಡು ಕಾಯಿಯ ಕೆಳಗೆ ಹೋಗುತ್ತದೆ. ಕಲಿಸುವವರು ಹೇಳದೆ ಖಾಲಿ ತೋಟಾ ಹಾಕಿ ಕೊಡಲಿ: ‘ಟಕ್’ ಎಂದಾಗಲೂ ಮೂತಿ ಬಾಗಿದರೆ, ಹಿಂದೆ ತಿಂದ ಪೆಟ್ಟು ಇನ್ನೂ ಒಳಗಿದೆ ಎಂದರ್ಥ. ಆ ಪೆಟ್ಟು ಕೊಟ್ಟವರು ನಾವೇ, ಅಳತೆಗೆ ಒಗ್ಗದ ಕೋವಿ ಕೈಗಿಟ್ಟು.

ಮುಂದಿನ ಸೆಪ್ಟೆಂಬರಿನಲ್ಲಿ ಬಹುಮಾನದ ಮೇಜಿನ ಪಕ್ಕ ಇನ್ನೊಂದು ಮೇಜು ಇರಲಿ: ಅದರ ಮೇಲೆ ಎರಡು ಅಳತೆಯ ಕೋವಿ, ಒಂದು ರಬ್ಬರ್ ಪ್ಯಾಡ್, ಕಿವಿಗೆ ಇಯರ್‌ಮಫ್.