ಉತ್ತಮ ಪುರುಷನ ಕೈಯಲ್ಲಿ ಬಂದೂಕು

ವ್ಯಾಕರಣ ಪಾಠ ಮಾಡುವಾಗ ಪ್ರತಿವರ್ಷ ಒಂದು ಗೊಂದಲ ಬಿಡಿಸಬೇಕಾಗುತ್ತದೆ. ಇಂಗ್ಲಿಷಿನವರು 'ನಾನು' ಎಂಬುದನ್ನು ಮೊದಲನೆಯವನು ಎಂದು ಎಣಿಸುತ್ತಾರೆ. ನಮ್ಮ ವ್ಯಾಕರಣದಲ್ಲಿ ಅದು ಉತ್ತಮ ಪುರುಷ. 'ನೀನು' ಮಧ್ಯಮ, 'ಅವನು' ಪ್ರಥಮ. ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ ಗೊತ್ತಿಲ್ಲ, ಕೇರಿಯವರು ಮಾತ್ರ ಶತಮಾನಗಟ್ಟಲೆ 'ಅವನು' ಆಗಿಯೇ ಉಳಿದರು. 'ಅವಗ ದೂರ ನಿಲ್ಲಾಕ ಹೇಳ್ರಿ' ಎನ್ನಿಸಿಕೊಂಡವರಿಗೆ ಉತ್ತಮ ಪುರುಷದಲ್ಲಿ ಮಾತಾಡುವ ಅವಕಾಶ ಬಂದದ್ದು ತೀರ ಇತ್ತೀಚೆಗೆ.

ಈ ಮಾತು ಯಾಕೆ ಬಂತೆಂದರೆ, ಮುದಗಲ್ಲಿನ ಮೊಹರಂ ನೋಡಿಕೊಂಡು ಲಿಂಗಸುಗೂರಿನಲ್ಲಿ ಸಿಂಧನೂರು ಬಸ್ಸು ಹತ್ತಿದಾಗ ಪಕ್ಕದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಸಿಂಧನೂರಿನವ, ಈಗ ಬೆಂಗಳೂರಿನಲ್ಲಿ ನೌಕರಿ. ಚೀಲದಿಂದ ಸ್ಲೇಟಿನಂಥ ಕರಿ ಯಂತ್ರ ತೆಗೆದ. ಸ್ಟೀಮ್ ಡೆಕ್ ಅಂತ ಅದರ ಹೆಸರು. ಅಮೆರಿಕದ ವಾಲ್ವ್ ಕಂಪನಿ 2022ರಲ್ಲಿ ಮಾರಾಟಕ್ಕೆ ತಂದದ್ದು. ಏಳು ಇಂಚಿನ ತೆರೆ, ಎರಡೂ ಕಡೆ ಹೆಬ್ಬೆರಳಿಗೆ ಒಂದೊಂದು ಕಡ್ಡಿ. ಆಗ ಎಲ್ಲಕ್ಕಿಂತ ಅಗ್ಗದ ಮಾದರಿಗೇ 399 ಡಾಲರ್. ಒಳಗಿದ್ದ ಆಟ 2023ರ 'ಕೌಂಟರ್-ಸ್ಟ್ರೈಕ್ 2'. ಇತ್ತ ಐದು ಜನ, ಅತ್ತ ಐದು ಜನ. ಒಂದು ಪಕ್ಷ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ದಾರಿಯಲ್ಲಿ ನೆಟ್‌ವರ್ಕ್ ಇಲ್ಲವೆಂದು ಯಂತ್ರವೇ ಕುಣಿಸುವ ಗೊಂಬೆಗಳ ಜೊತೆ ಆಡುತ್ತಿದ್ದ. 'ನೀವೊಂದು ಕೈ ನೋಡ್ರಿ ಸರ' ಅಂತ ಕೊಟ್ಟ. ಮಸ್ಕಿ ಬರುವಷ್ಟರಲ್ಲಿ ಎಂಟು ಸಲ ಸತ್ತೆ.

ಈ ಉಳ್ಳವರ ಆಟಿಕೆಗೂ ನಮ್ಮ ಪತ್ರಿಕೆಗೂ ಏನು ಸಂಬಂಧ ಎಂದು ಗೆಳೆಯರು ಕೇಳಬಹುದು. ಯಂತ್ರ ನಮ್ಮ ಕೇರಿಗೆ ಬಂದಿಲ್ಲ ನಿಜ, ಬಂದೂಕಿನ ಆಟ ಎಂದೋ ಬಂದಿದೆ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿತು. ಮರುವರ್ಷವೇ ಅದು ಬಿಜಿಎಂಐ ಎಂಬ ಹೊಸ ಅಂಗಿ ತೊಟ್ಟು ಬಂತು. 2022ರಲ್ಲಿ ಮತ್ತೆ ತಡೆ, 2023ರಲ್ಲಿ ಮತ್ತೆ ಹಾಜರ್. ಹತ್ತಿ ಬಿಡಿಸಿ ಬಂದ ಹುಡುಗರು ಗಾಜು ಒಡೆದ ಮೊಬೈಲಿನಲ್ಲಿ ಅದನ್ನು ಆಡುವುದನ್ನು ದಿನಾ ನೋಡುತ್ತೇನೆ. ಹರಿಕಥೆ, ಪುರಾಣ, ಸಿನಿಮಾಗಳನ್ನು ಬಿಡದೆ ಕೆದಕಿದ ನಾವು ಇದನ್ನು ಮಾತ್ರ 'ಹುಡುಗರ ಹುಚ್ಚು' ಅಂತ ಬಿಟ್ಟರೆ ಹೇಗೆ?

ಈ ಬಗೆಯ ಆಟಗಳಿಗೆ ಫಸ್ಟ್ ಪರ್ಸನ್ ಶೂಟರ್ ಎನ್ನುತ್ತಾರೆ. ಅಂದರೆ ಗುಂಡು ಹೊಡೆಯುವ ಉತ್ತಮ ಪುರುಷ. ತೆರೆಯ ಮೇಲೆ 'ನಾನು' ಅಂದರೆ ಎರಡು ಕೈ, ಒಂದು ಬಂದೂಕು. ಮುಖವಿಲ್ಲ, ಹಸಿವಿಲ್ಲ, ಅಪ್ಪನ ಹೆಸರಿಲ್ಲ. 'ಯಾವ ಪೈಕಿ ನೀ?' ಅಂತ ಯಾರೂ ಕೇಳುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಐವತ್ತು ದಾಟಿದ ನನಗೂ ಆ ಹತ್ತು ನಿಮಿಷ ಹಗುರ ಅನ್ನಿಸಿತು. ಆಮೇಲೆ ಅನುಮಾನ ಬಂತು. ನವ್ಯರ 'ನಾನು' ಕೂಡ ಹೀಗೆಯೇ ಹೊಟ್ಟೆಯ ಚಿಂತೆಯಿಲ್ಲದೆ, ಕೇರಿಯ ವಿಳಾಸವಿಲ್ಲದೆ ತಿರುಗಿತ್ತಲ್ಲವೆ? 1994ರಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದಾಗ ಆ 'ನಾನು'ವಿಗೆ ಮೈ ಬಂತು, ಜಾತಿ ಬಂತು. ಕಷ್ಟಪಟ್ಟು ಪಡೆದ ಆ ಮೈಯನ್ನು ಈ ಆಟ ಮತ್ತೆ ಕಳಚಿಡು ಎನ್ನುತ್ತದೆ. ಕಳಚಿಟ್ಟದ್ದು ಬಿಡುಗಡೆಯೋ ಮರೆವೋ, ನಾನಿನ್ನೂ ತೀರ್ಮಾನಿಸಿಲ್ಲ.

ಬಸ್ಸು ಮಸ್ಕಿ ಮುಟ್ಟಿತ್ತು. ಅಲ್ಲಿಯ ಗುಡ್ಡದ ಶಾಸನ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರನ ಕಣ್ಣಿಗೆ ಬಿತ್ತು. ದೇವರಿಗೆ ಪ್ರಿಯನಾದವನು ಎಂದಷ್ಟೇ ಹೇಳಿಕೊಳ್ಳುತ್ತಿದ್ದ ರಾಜ ಅಶೋಕನೇ ಎಂದು ಹೆಸರು ಸಮೇತ ಹೇಳಿದ ಕಲ್ಲು ಅದು. ಚಕ್ರವರ್ತಿ ಅಲ್ಲಿ ಉತ್ತಮ ಪುರುಷದಲ್ಲೇ ಮಾತಾಡುತ್ತಾನೆ. ಆದರೂ ಈ ಗುರಿ ದೊಡ್ಡವರಿಗಷ್ಟೇ ಮೀಸಲು ಎಂದು ತಿಳಿಯಬೇಡಿ, ಸಣ್ಣವನೂ ಮುಟ್ಟಬಲ್ಲ ಎಂಬುದು ಅವನ ಮಾತಿನ ತಿರುಳು. ಸಣ್ಣವನು ಹೇಗೆ ಮುಟ್ಟಬೇಕೆಂಬ ಲೆಕ್ಕ ಕಲ್ಲಿನ ಮೇಲಿಲ್ಲ. ಸೋಜಿಗವೆಂದರೆ ಆಟದಲ್ಲಿದೆ.

ಕೌಂಟರ್-ಸ್ಟ್ರೈಕಿನಲ್ಲಿ ಬಂದೂಕು ಪುಕ್ಕಟೆ ಸಿಗುವುದಿಲ್ಲ, ಕೊಳ್ಳಬೇಕು. ಎಲ್ಲರೂ 800 ಆಟದ ಡಾಲರಿನಿಂದ ಶುರು. ಒಳ್ಳೆಯ ಎಕೆ-47 ಬೇಕೆಂದರೆ 2700. ಗೆದ್ದವರಿಗೆ ಹೆಚ್ಚು ದುಡ್ಡು, ಜೊತೆಗೆ ಬದುಕುಳಿದವರ ಬಂದೂಕು ಅವರಲ್ಲೇ ಉಳಿಯುತ್ತದೆ. ಸೋತವರು ಪಿಸ್ತೂಲು ಹಿಡಿದು ಬಂದು ಮತ್ತೆ ಸಾಯುತ್ತಾರೆ. ಇಷ್ಟಕ್ಕೇ ಬಿಟ್ಟರೆ ಮೂರನೇ ಸುತ್ತಿಗೆ ಆಟ ಮುಗಿದ ಹಾಗೆ. ಅದಕ್ಕೆ ಆಟದವರು ಒಂದು ನಿಯಮ ಮಾಡಿದ್ದಾರೆ: ಸೋತವರಿಗೂ ದುಡ್ಡು. ಬಿಡದೆ ಸೋಲುತ್ತ ಹೋದರೆ ಅದು 1400, 1900, 2400 ಹೀಗೆ ಏರಿ 3400ಕ್ಕೆ ನಿಲ್ಲುತ್ತದೆ. ಎಷ್ಟು ಸೋತಿದ್ದೀಯೋ ಅಷ್ಟು ಹೆಚ್ಚು.

'ಸೋತವರಿಗ್ಯಾಕೋ ರೊಕ್ಕ?' ಅಂದೆ.

'ಇಲ್ಲಾಂದ್ರ ಆಟನ ಆಗಂಗಿಲ್ರೀ ಸರ.'

ಇದೇ ಹುಡುಗ ಹತ್ತನೇ ತರಗತಿಯಲ್ಲಿ ಮೀಸಲಾತಿಯ ವಿರುದ್ಧ ಭಾಷಣ ಮಾಡಿ ಬಹುಮಾನ ಹೊಡೆದಿದ್ದ. ಬಹುಮಾನ ಕೊಟ್ಟವರ ಪೈಕಿ ನಾನೂ ಒಬ್ಬ. ಸೋತವನಿಗೆ ಕೊಡುವುದು ಭಿಕ್ಷೆ, ಕೊಟ್ಟರೆ ಯೋಗ್ಯತೆ ಕೆಡುತ್ತದೆ ಎಂಬುದು ಅಂದಿನ ವಾದ. ಆಟದಲ್ಲಿ ಅದೇ ಹಣ ಅವನಿಗೆ ಭಿಕ್ಷೆಯಾಗಿ ಕಾಣುವುದಿಲ್ಲ, ಪಂದ್ಯದ ಪ್ರಾಣವಾಗಿ ಕಾಣುತ್ತದೆ. ವಾಲ್ವ್ ಕಂಪನಿಗೆ ಬಡವರ ಮೇಲೆ ಕರುಣೆ ಇದೆಯೆಂದು ಯಾರೂ ಭ್ರಮಿಸಬೇಕಿಲ್ಲ. ಗೆದ್ದವನೇ ಗೆಲ್ಲುತ್ತಿದ್ದರೆ ಗಿರಾಕಿ ಎದ್ದು ಹೋಗುತ್ತಾನೆ ಎಂಬುದು ವ್ಯಾಪಾರಿಗೂ ಗೊತ್ತು. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಗೆ ಇದು ಗೊತ್ತಿಲ್ಲ. ಮೇಲ್ಭಾಗದವರು ಭತ್ತಕ್ಕೆ ನೀರು ತಿರುಗಿಸಿಕೊಂಡ ಮೇಲೆ ಕೆಳಭಾಗದವರಿಗೆ ಮಿಕ್ಕಿದ್ದು. ಈ ವರ್ಷ ಬೆಳೆ ಒಣಗಿತೆಂದು ಬರುವ ವರ್ಷ ಹೆಚ್ಚು ನೀರು ಬಿಟ್ಟ ದಾಖಲೆ ನಾನು ಕಂಡಿಲ್ಲ. ಇನ್ನೊಂದು ನಿಯಮ ಇದಕ್ಕಿಂತ ಖಾರ. ಹನ್ನೆರಡು ಸುತ್ತಾದ ಮೇಲೆ ಪಕ್ಷಗಳು ಅದಲುಬದಲಾಗುತ್ತವೆ. ಎಲ್ಲರ ಗಂಟೂ ಮತ್ತೆ 800ಕ್ಕೆ. ಆ ಕಡೆಯವ ಈ ಕಡೆ, ಈ ಕಡೆಯವ ಆ ಕಡೆ. ಊರಿನವರು ಹನ್ನೆರಡು ದಿನ ಕೇರಿಯಲ್ಲಿದ್ದು ನೋಡಲಿ ಅಂತ ಒಮ್ಮೆ ಹೇಳಿ ನೋಡ್ರಿ.

ಹೊಗಳಿಕೆ ಇಲ್ಲಿಗೆ ಮುಗಿಯಿತು. ಈ ನ್ಯಾಯವೆಲ್ಲ ಬಂದೂಕು ಹಿಡಿದ ಹತ್ತು ಜನರ ಒಳಗಿನದು. ನಾನು ಸತ್ತ ಬಯಲಿನ ಹೆಸರು ಡಸ್ಟ್ 2, 2001ರಿಂದ ಜಗತ್ತಿನ ಹುಡುಗರಿಗೆಲ್ಲ ಬಾಯಿಪಾಠವಾದ ಊರು. ಮರಳುಗಾಡಿನ ಅರಬ್ಬಿ ಊರಿನ ಹಾಗೆ ಕಮಾನು, ಓಣಿ, ದೊಡ್ಡ ಬಾಗಿಲುಗಳಿವೆ. ಜನ ಮಾತ್ರ ಇಲ್ಲ. ಹೆಜ್ಜೆಗೊಂದು ಮರದ ಪೆಟ್ಟಿಗೆ, ಅದನ್ನು ಹೊತ್ತವನಿಲ್ಲ. ಯಾರದೋ ಊರನ್ನು ಖಾಲಿ ಮಾಡಿಸಿ, ಗುಂಡಿನ ಗೋಡೆಯಾಗಿ ಬಳಸುವ ಈ ಕಣ್ಣು ಇರಾಕಿನ ಯುದ್ಧವನ್ನು ಟಿವಿಯಲ್ಲಿ ನೋಡಿದ ನಮಗೆ ಹೊಸದಲ್ಲ. ಕೆಲವು ಬಯಲುಗಳಲ್ಲಿ ಒತ್ತೆಯಾಳುಗಳಿರುತ್ತಾರೆ. ಒತ್ತೆ ಇಟ್ಟ ಆಳು ಎಂದರೆ ಜೀತ ಕಂಡ ನಮ್ಮ ಸೀಮೆಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅವನನ್ನು ಮೂಟೆಯಂತೆ ಹೆಗಲ ಮೇಲೆ ಹಾಕಿಕೊಂಡು ಓಡಿದರೆ ಇನಾಮು, ಗುಂಡು ತಗುಲಿಸಿದರೆ ದಂಡ. ಬಿಡುಗಡೆಯ ಬಗ್ಗೆ ಅವನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಬಂದೂಕಿಗೆ ಬಳಿಯುವ ಬಣ್ಣಕ್ಕೆ 'ಸ್ಕಿನ್' ಎನ್ನುತ್ತಾರೆ, 2013ರಲ್ಲಿ ಶುರುವಾದ ವ್ಯಾಪಾರ. ಕೆಲವು ಸ್ಕಿನ್ನುಗಳಿಗೆ ಲಕ್ಷ ದಾಟಿದ ರೂಪಾಯಿ. ತೊಗಲು ಮುಟ್ಟಿದ್ದಕ್ಕೇ ಊರ ಹೊರಗೆ ಉಳಿದವರ ಮೊಮ್ಮಗನಾದ ನನಗೆ ನಗು ಬಂತು, ಅದನ್ನು ಹುಡುಗನಿಗೆ ವಿವರಿಸಲಾಗಲಿಲ್ಲ.

ಮತ್ತೆ ವ್ಯಾಕರಣಕ್ಕೆ ಬಂದರೆ, ಈ ಆಟದಲ್ಲಿ 'ನಾನು' ಇದ್ದೇನೆ, ಗುರಿಯ ತುದಿಯಲ್ಲಿ 'ಅವನು' ಇದ್ದಾನೆ. ಎದುರಿನವನನ್ನು 'ನೀನು' ಎಂದು ಕರೆದು ಒಂದು ಮಾತು ಕೇಳುವ ಗುಂಡಿ ಆ ಯಂತ್ರದಲ್ಲಿ ನನಗೆ ಸಿಗಲಿಲ್ಲ.

ಸಿಂಧನೂರು ಹತ್ತಿರ ಬಂದಾಗ ಅಕ್ಕಿ ಗಿರಣಿಗಳು ಕಂಡವು. ಇದಕ್ಕೆ ಹೊಸ ಬಯಲು ನಾವೇ ಮಾಡಬಹುದು ಸರ, ನಮ್ಮೂರಿನದೇ ಒಂದು ಮಾಡಬೇಕಂತೀನಿ ಅಂದ ಹುಡುಗ. ಗಿರಣಿ, ಕಾಲುವೆ ಏರಿ, ಚೀಲದ ಥಪ್ಪಿ ಎಲ್ಲ ಅವನ ತಲೆಯಲ್ಲಿ ಆಗಲೇ ಇದ್ದವು.

'ಹಮಾಲರು?' ಅಂದೆ.

ಯಂತ್ರ ಆರಿಸಿ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ. 'ಅವ್ರನ್ನ ಎಲ್ಲಿ ನಿಲ್ಲಸ್ಲಿ ಸರ? ಎಲ್ಲಿ ನಿಲ್ಲಿಸಿದ್ರೂ ಗುಂಡು ಬೀಳತಾವ' ಅಂದ. ಬಸ್ಸು ನಿಲ್ದಾಣಕ್ಕೆ ಹೊರಳಿತು.