ಅಂಗಾಲಿಗೆ ಹಚ್ಚುವ ತಂಪು

ಹಂಪನಕಟ್ಟೆಯ ಮೆಡಿಕಲ್ ಒಂದಕ್ಕೆ ಹೋಗಿ ‘ಕಾಲುನೋವಿಗೆ ಏನಾದರೂ ಕೊಡಿ’ ಎಂದರೆ ಸಾಕು, ವೈದ್ಯರ ಚೀಟಿ ಇಲ್ಲದೆಯೇ ಮೆಂಥಾಲ್ ಜೆಲ್‌ನ ಟ್ಯೂಬು ಕೈಗೆ ಬರುತ್ತದೆ. ಗಲ್ಫ್‌ನಿಂದ ಬಂದವರು ತರುವ ಟೈಗರ್ ಬಾಮ್, ಆಕ್ಸ್ ಎಣ್ಣೆಗಳ ಘಾಟಿಗೆ ಒಗ್ಗಿಹೋದ ಮಂಗಳೂರು ಇದು. ಮೂಗಿಗೆ ಹೊಡೆದರೆ ಮದ್ದು ಜೋರಿದೆ ಎಂದೇ ಲೆಕ್ಕ.

ನನ್ನ ತಕರಾರು ಈ ಲೆಕ್ಕದ ಬಗ್ಗೆ. ಮೆಂಥಾಲ್‌ನಿಂದ ಕಾಲು ನಿಜವಾಗಿ ತಣ್ಣಗಾಗುವುದಿಲ್ಲ. ಚಳಿಯನ್ನು ಗುರುತಿಸಲು ನಮ್ಮ ನರತುದಿಗಳಲ್ಲಿ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಇದೆ. ಮೆಂಥಾಲ್ ತಾಗಿದರೂ ಅದು ‘ಚಳಿ’ ಎಂದೇ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. 2002ರಲ್ಲಿ ಇದನ್ನು ಬೇರೆ ಬೇರೆಯಾಗಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಸ್ಪರ್ಶ ಮತ್ತು ಉಷ್ಣದ ಸಂಶೋಧನೆಗಾಗಿ 2021ರ ನೊಬೆಲ್ ಹಂಚಿಕೊಂಡರು. ಮಿದುಳಿಗೆ ಮುಟ್ಟುವ ಆ ‘ಚಳಿ’ ಸುದ್ದಿಯ ಗದ್ದಲದಲ್ಲಿ ನೋವು ತುಸು ಹೊತ್ತು ಹಿಂದೆ ಸರಿಯುತ್ತದೆ, ಅಷ್ಟೇ. ದಿನವಿಡೀ ದುಡಿದು ಬಂದವರಿಗೆ ಆ ತುಸು ಹೊತ್ತಿನಲ್ಲಿ ನಿದ್ದೆ ಹತ್ತಿದರೆ ಅದೂ ಲಾಭವೇ.

ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಡೈಕ್ಲೋಫೆನಾಕ್ ಡೈಇಥೈಲಮೈನ್ ಶೇ 1.16, ಮಿಥೈಲ್ ಸ್ಯಾಲಿಸಿಲೇಟ್ ಶೇ 10, ಮೆಂಥಾಲ್ ಶೇ 5: ನಮ್ಮಲ್ಲಿ ತೀರಾ ಸಾಮಾನ್ಯವಾದ ಪಾಕವಿದು. ಉರಿಯೂತ ಇಳಿಸುವುದು ಡೈಕ್ಲೋಫೆನಾಕ್, ಹೆಸರು ಮೆಂಥಾಲಿಗೆ. ಪಾದದ ಗಂಟು ಉಳುಕಿದರೆ ಈ ಜೆಲ್ ಉಪಯೋಗಕ್ಕೆ ಬರುತ್ತದೆ, ಅಲ್ಲಿ ಚರ್ಮ ತೆಳು. ಅಂಗಾಲು ಹಾಗಲ್ಲ. ಮುಂಗೈ ಚರ್ಮ ಹೀರಿಕೊಳ್ಳುವ ಮದ್ದಾದ ಹೈಡ್ರೋಕಾರ್ಟಿಸೋನ್‌ನ ಏಳನೇ ಒಂದು ಪಾಲು ಮಾತ್ರ ಅಂಗಾಲಿನ ಮೂಲಕ ಒಳಹೋಗುತ್ತದೆಂದು ಸಂಶೋಧಕರಾದ ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲೇ ತೋರಿಸಿದ್ದರು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೆ ಚುಚ್ಚುವ ಹಿಮ್ಮಡಿ ನೋವಿಗೆ ಮೀನಖಂಡ ಎಳೆಯುವ ವ್ಯಾಯಾಮ, ಮೆತ್ತನೆ ಚಪ್ಪಲಿಯೇ ಮೇಲು. ಮನೆಯೊಳಗೂ ಹಾಕಿಕೊಳ್ಳಿ, ನಮ್ಮ ಟೈಲ್ಸ್ ನೆಲ ಹಿಮ್ಮಡಿಗೆ ಶತ್ರು.

ಹೆಚ್ಚು ಹಚ್ಚಿದರೆ ಹೆಚ್ಚು ಗುಣ ಎನ್ನುವವರಿಗೆ ಒಂದು ಮಾತು. ಇಂಥ ಲೇಪಗಳಿಂದ ಅಪರೂಪಕ್ಕೆ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ ಅಮೆರಿಕದ ಎಫ್‌ಡಿಎ 2012ರಲ್ಲಿ ಎಚ್ಚರಿಸಿತ್ತು. ಮೆಂಥಾಲ್ ಶೇ 3, ಮಿಥೈಲ್ ಸ್ಯಾಲಿಸಿಲೇಟ್ ಶೇ 10 ದಾಟಿದ ಲೇಪಗಳಲ್ಲೇ ಅವು ಹೆಚ್ಚು. ಹಚ್ಚಿದ ಮೇಲೆ ಬಿಗಿ ಪಟ್ಟಿ, ಬಿಸಿನೀರಿನ ಚೀಲ ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಜೆಲ್ ಬಿಟ್ಟು ವೈದ್ಯರಿಗೆ ಕಾಲು ತೋರಿಸಲಿ.

ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಸೀರೆ ಬಿಡಿಸುವ ಹುಡುಗಿಯರ ಕಾಲುನೋವಿಗೆ ಮಾತ್ರ ಯಾವ ಟ್ಯೂಬೂ ಉತ್ತರವಲ್ಲ. ತಲಪಾಡಿ ದಾಟಿದರೆ ಸಿಗುವ ಕೇರಳ 2018ರಲ್ಲೇ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕಾನೂನು ಮಾಡಿತು. ನಮ್ಮ ಅಂಗಡಿ ಮಾಲೀಕರು ಕಾನೂನಿಗೆ ಕಾಯದೆ ಕೌಂಟರಿನ ಹಿಂದೆ ನಾಲ್ಕು ಸ್ಟೂಲ್ ಹಾಕಿಸಲಿ.