ಮ್ಯಾನೇಜ್ ನುಂಗಿದ ಕ್ರಿಯಾಪದಗಳು

‘ಹ್ಯಾಂಗರ ಮಾಡಿ ಸಂಭಾಳಸ್ರಿ.’ ‘ಕಸಂತರೀ ಕರೂನ್ ಸಾಂಭಾಳಾ.’ ‘ಕೈಸಾ ಬೀ ಕರ್‌ಕೆ ಸಂಭಾಲೋ.’ ಮೊದಲನೆಯದು ಕನ್ನಡ, ಎರಡನೆಯದು ಮರಾಠಿ, ಮೂರನೆಯದು ದಖನಿ. ಕರ್ನಾಟಕದ ಗಡಿಗೆ ಅಂಟಿದ ಮಹಾರಾಷ್ಟ್ರದ ನಿಲಂಗಾ, ಉದಗೀರ, ಉಮರ್ಗಾ ಸೀಮೆಯಲ್ಲಿ ಈ ಮೂರೂ ನುಡಿಗಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಒಂದರ ಕೆಳಗೆ ಒಂದು ಬರೆದು ನೋಡಿದರೆ ಪದಕ್ಕೆ ಪದ ಹೊಂದುತ್ತದೆ. ಬೆಂಗಳೂರಿನಲ್ಲಾದರೆ ‘ಹೇಗೋ ಮ್ಯಾನೇಜ್ ಮಾಡಿ’ ಎಂದು ಮಾತು ಮುಗಿಯುತ್ತದೆ.

ಗಡಿನಾಡಿನ ಈ ಗುಣವನ್ನು ಭಾಷಾವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಸಾಂಗ್ಲಿ ಜಿಲ್ಲೆಯ ಕುಪವಾಡದ ಕನ್ನಡ, ಮರಾಠಿ, ಉರ್ದುಗಳ ಮೇಲೆ 1971ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಪಾಠವಾಗಿದೆ. ಅಲ್ಲಿ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದಾಗಿದೆ, ಪದಗಳು ಮಾತ್ರ ಅವರವರ ಮನೆಯವು ಎಂಬುದು ಅವರ ಶೋಧ. ಆದರೆ ಕ್ರಿಯಾಪದಗಳ ವಿಷಯದಲ್ಲಿ ಪದಗಳೂ ಮನೆ ಬದಲಿಸಿವೆ.

ನಿಲಂಗಾ, ಉದಗೀರ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಬೀದರ್ ಜಿಲ್ಲೆಯಲ್ಲೇ ಇದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಮೈಸೂರಿಗೆ ಬಂತು, ಇವೆರಡು ಮುಂಬಯಿಗೆ ಹೋದವು. ಗೆರೆ ಬಿದ್ದದ್ದು ನಕ್ಷೆಯ ಮೇಲೆ. ಬೀಗತನ, ದನದ ಸಂತೆ, ಜಾತ್ರೆಗಳ ಓಡಾಟ ಮುಂದುವರಿಯಿತು.

ಕನ್ನಡಕ್ಕೆ ಹೊರಗಿನ ಕ್ರಿಯಾಪದವನ್ನು ಒಗ್ಗಿಸಿಕೊಳ್ಳುವ ಒಂದು ಸೊಗಸಾದ ಉಪಾಯ ಗೊತ್ತಿದೆ. ಹಿಂದುಸ್ತಾನಿಯ ‘ಬದಲನಾ’, ‘ಸತಾನಾ’, ‘ದಬಾನಾ’, ‘ಆಜಮಾನಾ’ಗಳ ಬಾಲ ಕತ್ತರಿಸಿ ‘ಆಯಿಸು’ ಹಚ್ಚಿದರೆ ಬದಲಾಯಿಸು, ಸತಾಯಿಸು, ದಬಾಯಿಸು, ಅಜಮಾಯಿಸು ಸಿದ್ಧ. ಇಂದು ಇವುಗಳನ್ನು ಯಾರೂ ಪರಕೀಯ ಎನ್ನುವುದಿಲ್ಲ. ‘ನಿಭಾನಾ’ ನಿಭಾಯಿಸು ಆದದ್ದೂ ಹೀಗೆಯೇ. ಅದರ ಮೂಲ ಹುಡುಕಿದರೆ ಸಿಗುವುದು ಸಂಸ್ಕೃತದ ‘ನಿರ್ವಹ್’. ಅಂದರೆ ಪುಸ್ತಕದ ‘ನಿರ್ವಹಿಸು’ ಮತ್ತು ಮನೆಮಾತಿನ ‘ನಿಭಾಯಿಸು’ ಒಂದೇ ತಾಯಿಯ ಮಕ್ಕಳು; ಒಬ್ಬರು ನೇರ ಬಂದವರು, ಇನ್ನೊಬ್ಬರು ಉತ್ತರ ಸುತ್ತಿ ಬಂದವರು. ಅದೇ ಬೇರಿನ ಇನ್ನೆರಡು ಪದ ನೋಡಿ: ಬೀದರ್–ಉದಗೀರ ರಸ್ತೆಯಲ್ಲಿ ಕರ್ನಾಟಕದ ಬಸ್ಸಿನ ಕಂಡಕ್ಟರು ‘ನಿರ್ವಾಹಕ’, ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಅವರೇ ‘ವಾಹಕ’.

ಇಂಗ್ಲಿಷಿನ ಮ್ಯಾನೇಜ್ ಕೂಡ ಅಲೆದಾಡಿದ ಪದವೇ. ಇಟಾಲಿಯನ್ನಿನಲ್ಲಿ ಅದು ಕುದುರೆಯನ್ನು ಪಳಗಿಸುವ ಮಾತಾಗಿತ್ತು, ಅದರ ಹಿಂದೆ ಲ್ಯಾಟಿನ್ನಿನ ‘ಕೈ’ ಇದೆ. ಆ ಪದದ ಮೇಲೆ ಸಿಟ್ಟಿಲ್ಲ. ಆದರೆ ಅದು ಬಂದಲ್ಲೆಲ್ಲ ನಾಲ್ಕಾರು ಕನ್ನಡ ಕ್ರಿಯಾಪದಗಳು ಮೂಲೆಗೆ ಸರಿಯುತ್ತಿವೆ, ಅವು ಒಂದರ ಜಾಗದಲ್ಲಿ ಇನ್ನೊಂದು ಕೂರುವಂಥವಲ್ಲ.

ಕೂಸನ್ನು, ವಯಸ್ಸಾದ ಅತ್ತೆಯನ್ನು ಸಂಭಾಳಿಸುತ್ತಾರೆ, ಅದರಲ್ಲಿ ಜೋಪಾನವಿದೆ. ಮರಾಠಿಯಲ್ಲಿ ಹೊರಟವರಿಗೆ ‘ಸಾಂಭಾಳೂನ್ ಜಾ’ ಎನ್ನುವಾಗಲೂ ಅದೇ ಕಾಳಜಿ. ಹೊಣೆಯನ್ನು, ನಾಟಕದ ಪಾತ್ರವನ್ನು ನಿಭಾಯಿಸುತ್ತಾರೆ; ಕೊನೆ ಮುಟ್ಟಿಸುವ ಅರ್ಥ ಅದಕ್ಕಿದೆ. ಕಡಿಮೆ ಸಂಬಳದಲ್ಲಿ ಸಂಸಾರ ತೂಗಿಸುತ್ತಾರೆ. ಅಲ್ಲಿ ತಕ್ಕಡಿ ಕಣ್ಣಿಗೆ ಕಟ್ಟುತ್ತದೆ. ಎಡವಿದವನು ಸಾವರಿಸಿಕೊಳ್ಳುತ್ತಾನೆ.

ಮರಾಠಿಯಲ್ಲೂ ‘ಸಾವರಣೆ’ ಅದೇ ಅರ್ಥದಲ್ಲಿ ನಿತ್ಯ ಬಳಕೆಯಲ್ಲಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಔಸಾ, ಉಮರ್ಗಾ ತಾಲ್ಲೂಕುಗಳ ಕಲ್ಲು–ಮಣ್ಣಿನ ಮನೆಗಳನ್ನು ಉರುಳಿಸಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ಊರುಗಳು ವರ್ಷಗಟ್ಟಲೆ ಹೆಣಗಿ, ಹೊಸ ಜಾಗದಲ್ಲಿ ಮನೆ ಕಟ್ಟಿಕೊಂಡು ಸಾವರಿಸಿಕೊಂಡವು. ಅದನ್ನು ‘ಮ್ಯಾನೇಜ್ ಮಾಡಿದರು’ ಎಂದು ಬರೆದರೆ ಸತ್ತವರಿಗೂ ಉಳಿದವರಿಗೂ ಅಪಚಾರ.

ಈಚೆಗೆ ಈ ಪದಕ್ಕೆ ಕೆಟ್ಟ ವಾಸನೆಯೂ ಹತ್ತಿದೆ. ‘ಸಾಹೇಬರನ್ನ ಮ್ಯಾನೇಜ್ ಮಾಡ್ಯಾರ’ ಎಂದರೆ ದುಡ್ಡು ಕೈ ಬದಲಾಯಿಸಿದೆ ಎಂದೇ ಅರ್ಥ, ಗಡಿಯ ಎರಡೂ ಕಡೆ. ಕನ್ನಡದ ‘ಬುಟ್ಟಿಗೆ ಹಾಕಿಕೊಂಡ’ ಎಂಬ ಮಾತು ನಡೆದದ್ದನ್ನು ಇನ್ನೂ ನೇರವಾಗಿ ಹೇಳುತ್ತದೆ.

ಅಚ್ಚಗನ್ನಡದಲ್ಲೂ ಸರಕಿಗೆ ಕೊರತೆಯಿಲ್ಲ. ಮೈಸೂರು ಕಡೆ ‘ಅವನ ಜೊತೆ ಏಗೋಕಾಗಲ್ಲ’ ಎನ್ನುತ್ತಾರೆ. ಮ್ಯಾನೇಜ್‌ನಲ್ಲಿ ಆ ದಣಿವು ಎಲ್ಲಿದೆ? ಕಲಬುರಗಿ, ಧಾರವಾಡ ಕಡೆ ‘ನನಗ ನೀಗಂಗಿಲ್ಲ’. ಹಸಿವು, ಬಾಯಾರಿಕೆ ನೀಗಿಸುವ ಅದೇ ನೀಗು ಇಲ್ಲಿ ಶಕ್ತಿಯ ಅಳತೆಯಾಗಿದೆ. ‘ನೀರಿನ ಕೊರತೆ ನೀಗಿಸಲು ಕ್ರಮ’ ಎಂಬ ತಲೆಬರಹದಲ್ಲಿ ಅದು ನಾಡಿಗೆಲ್ಲ ಪರಿಚಿತ. ಕೈಲಾಗುವ, ಕೈಲಾಗದ ಅರ್ಥದ ನೀಗು ಮಾತ್ರ ಉತ್ತರದವರ ಬಾಯಲ್ಲೇ ಹೆಚ್ಚು. ದಕ್ಷಿಣದ ಬರಹಗಾರರು ಅದನ್ನು ಇನ್ನೂ ಅಷ್ಟಾಗಿ ಎತ್ತಿಕೊಂಡಂತಿಲ್ಲ.